ಅಟ್ಟ ಸಮೇತ ಖಾಲಿ

ಗೊಂಚಲಣ್ಣನ ವೆಬ್‌ಸೈಟು ವಠಾರದಲ್ಲಿ ವಾಸವಾಗಿದೆ ಎಂಬ ಸುದ್ದಿ ನನ್ನ ಕಿವಿಗೆ ಬಿದ್ದಾಗ ನಾನು ಒಬ್ಬರ ಪ್ಯಾಂಟಿನ ಸೊಂಟ ಬಿಚ್ಚಿ ಅಗಲ ಮಾಡುತ್ತಿದ್ದೆ. ಸುದ್ದಿಯ ಭಾರಕ್ಕೆ ಕತ್ತರಿ ಕೆಳಗಿಟ್ಟೆ. ಊರಿಗೆಲ್ಲ ಬೇರೆ ಬಾಗಿಲು, ಬೇರೆ ಮೀಟರು, ಬೇರೆ ನಲ್ಲಿ ಇರುವ ಮನೆ ಹುಡುಕಿಕೊಡುವ ಮನುಷ್ಯನ ಸ್ವಂತ ವೆಬ್‌ಸೈಟು ನೂರಾರು ಜನರ ಜತೆ ಒಂದೇ ಅಂಗಳದಲ್ಲಿ ಒದ್ದಾಡುತ್ತಿದೆ ಎಂದರೆ ಅದು ಸಣ್ಣ ವಿಷಯವಲ್ಲ.

ಗೊಂಚಲಣ್ಣ ಬಾಡಿಗೆ ಮನೆಗಳ ಬ್ರೋಕರು. ಸೊಂಟದಲ್ಲಿ ಸದಾ ಬೀಗದ ಕೈಗಳ ಗೊಂಚಲು ತೂಗುವುದರಿಂದ ಆ ಹೆಸರು ಬಂತು. ಹೆತ್ತವರು ಇಟ್ಟ ಹೆಸರು ಈಗ ಅವನಿಗೇ ತಕ್ಷಣ ನೆನಪಾಗುವುದಿಲ್ಲ. ಅವನ ಆಫೀಸೂ ನನ್ನ ಹೊಲಿಗೆ ಅಂಗಡಿಯೂ ಒಂದೇ ಗೋಡೆಯ ಎರಡು ಮಗ್ಗುಲಲ್ಲಿವೆ. ಯಾವುದೇ ಹೊಸ ಮನೆ ನೋಡಲು ಹೊರಟರೂ ಅವನು ಗೋಡೆ ತಟ್ಟುತ್ತಾನೆ, ನಾನು ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಹಿಂದೆ ಹೋಗುತ್ತೇನೆ. ಕೋಣೆಯ ಅಳತೆ ಅವನಿಗೆ, ಕಿಟಕಿ ಪರದೆಯ ಆರ್ಡರು ನನಗೆ. ಇಷ್ಟು ವರ್ಷ ಈ ಒಪ್ಪಂದದಲ್ಲಿ ಇಬ್ಬರಿಗೂ ಮೋಸವಾಗಿಲ್ಲ.

ಮನೆಯ ವಿಷಯದಲ್ಲಿ ಅವನಿಗೆ ಕೆಲವು ನಿಷ್ಠೆಗಳಿವೆ. ಒಳಗೆ ನಿಂತು ನೋಡದ ಮನೆಗೆ ಅಡ್ವಾನ್ಸ್ ಕೊಡಕೂಡದು. ಹಿಂದಿನ ಬಾಡಿಗೆದಾರ ಯಾಕೆ ಬಿಟ್ಟ ಎಂದು ಕೇಳದೆ ಇರಕೂಡದು. ಎರಡು ಮನೆಗೆ ಒಟ್ಟಿಗೆ ಬಾಡಿಗೆ ಕಟ್ಟುವವನು ಮೂರ್ಖ. ಎಲ್ಲಕ್ಕಿಂತ ದೊಡ್ಡ ನಿಷ್ಠೆಯೆಂದರೆ, ಹೊಸ ಬೀಗದ ಕೈ ಸಿಕ್ಕಿದ ದಿನವೇ ಹಳೆಯ ಮನೆಯನ್ನು ಗುಡಿಸಿ, ಒರೆಸಿ, ಅಟ್ಟ ಸಮೇತ ಖಾಲಿ ಮಾಡಿ ಮಾಲೀಕರಿಗೆ ಒಪ್ಪಿಸಬೇಕು. ಬಾಡಿಗೆದಾರನ ಯೋಗ್ಯತೆ ಬರುವಾಗ ತಿಳಿಯುವುದಿಲ್ಲ, ಹೋಗುವಾಗ ತಿಳಿಯುತ್ತದೆ ಎಂದು ಅವನು ಪ್ರತಿ ಗಿರಾಕಿಗೂ ಹೇಳುತ್ತಾನೆ. ಗಿರಾಕಿಗಳು ತಲೆಯಾಡಿಸಿ ಹೋಗಿ, ಬಿಡುವಾಗ ಬಲ್ಬನ್ನೂ ಬಿಚ್ಚಿಕೊಂಡು ಹೋಗುತ್ತಾರೆ.

ಅವನಿಗಿದ್ದ ಇನ್ನೊಂದು ನಿಷ್ಠೆ ಅತ್ತಿಗೆಗೆ, ಅಂದರೆ ಅವನ ಹೆಂಡತಿಗೆ, ಕೊಂಚವೂ ಹಿಡಿಸಿರಲಿಲ್ಲ. ಒಳ್ಳೆಯ ಮನೆ ಸಿಕ್ಕಿದರೆ ಅದು ಗಿರಾಕಿಗೆ. ಯಾರೂ ಒಪ್ಪದೆ ಉಳಿದದ್ದು ಸ್ವಂತ ಸಂಸಾರಕ್ಕೆ. ಹೀಗಾಗಿ ಊರಿನ ಅತ್ಯುತ್ತಮ ಬ್ರೋಕರನ ಹೆಂಡತಿ, ಅಡುಗೆಮನೆಯ ನಲ್ಲಿ ಹಗಲಿರುಳು ಸೋರುವ, ಗೋಡೆ ಭುಜದೆತ್ತರಕ್ಕೆ ತೇವ ಹಿಡಿದ ಮನೆಯಲ್ಲಿ ಬಕೆಟ್ ಇಟ್ಟುಕೊಂಡು ಅಡುಗೆ ಮಾಡುತ್ತಿದ್ದರು.

ಇಂಥ ಕಾಲದಲ್ಲಿ ನಮ್ಮ ಬೀದಿಯ ತಿರುವಿನಲ್ಲಿ ಜಡ್ಜಮ್ಮನ ಹೊಸ ಕಟ್ಟಡ ಎದ್ದಿತು. ಜಡ್ಜಮ್ಮ ಕೋರ್ಟಿನಿಂದ ನಿವೃತ್ತರಾದವರು. ನಿವೃತ್ತಿ ಕೋರ್ಟಿನಿಂದ ಮಾತ್ರ, ವಿಚಾರಣೆಯಿಂದಲ್ಲ. ಇಡೀ ಕಟ್ಟಡದ ಬೀಗದ ಕೈಗಳನ್ನು ಒಬ್ಬನೇ ಬ್ರೋಕರನಿಗೆ ಕೊಡುವುದಾಗಿಯೂ, ಕಂಡವರೆಲ್ಲ ಮಧ್ಯಾಹ್ನ ಬಂದು ಬಾಗಿಲು ಬಡಿಯುವುದು ತಮಗೆ ಸೇರದಾದ್ದರಿಂದ, ಯಾರ ವೆಬ್‌ಸೈಟಿನಲ್ಲಿ ಮನೆಗಳನ್ನು ಸರಿಯಾಗಿ ತೋರಿಸುತ್ತಾರೋ ಅವರಿಗೇ ಕೊಡುವುದಾಗಿಯೂ ಅವರು ಪ್ರಕಟಿಸಿದರು. ಸ್ಪರ್ಧೆಯಲ್ಲಿ ಉಳಿದವರು ಇಬ್ಬರು. ಒಬ್ಬ ಗೊಂಚಲಣ್ಣ. ಇನ್ನೊಬ್ಬ ಮಾರ್ಕೆಟ್ಟಿನ ಕಡೆಯ ಬ್ರೋಕರು. ಬಿಳಿ ಪ್ಯಾಂಟು ಹಾಕುತ್ತಿದ್ದ, ಅದನ್ನೂ ಬೇರೆ ಟೈಲರ ಹತ್ತಿರ ಹೊಲಿಸುತ್ತಿದ್ದ. ಅವನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಅತ್ತಿಗೆ ತಮ್ಮ ಷರತ್ತನ್ನು ಮೊದಲೇ ಹೇಳಿಬಿಟ್ಟರು. ಆ ಕಟ್ಟಡ ಕೈಗೆ ಬಂದರೆ ಅದರಲ್ಲಿ ಒಂದು ಮನೆ ನಮ್ಮದು, ಗಿರಾಕಿ ಬಾಗಿಲಲ್ಲಿ ಅಡ್ಡ ಮಲಗಿದರೂ ಸರಿ. ಗೊಂಚಲಣ್ಣ ಒಪ್ಪಿದ. ಬಕೆಟ್ ತುಂಬಿ ಚೆಲ್ಲುತ್ತಿದ್ದ ಹೊತ್ತದು, ಒಪ್ಪದೆ ಗತಿಯಿರಲಿಲ್ಲ.

ಜಡ್ಜಮ್ಮ ಮೊದಲ ಸಲ ಗೊಂಚಲಣ್ಣನ ವೆಬ್‌ಸೈಟ್ ತೆರೆದ ದಿನ ಅದು ತೆರೆದುಕೊಳ್ಳಲಿಲ್ಲ. ಒಂದು ಚಕ್ರ ತಿರುಗುತ್ತಾ ಕೂತಿತು. ಅವರು ಫೋನ್ ಮಾಡಿ, ಅಂಗಡಿ ಮುಚ್ಚಿದಿರಾ ಎಂದು ವಿಚಾರಿಸಿದರು. ಗೊಂಚಲಣ್ಣ ತೊದಲಿದ. ಕಟ್ಟಡದ ಲಿಫ್ಟು ಓಡಲು ಶುರುವಾಗುವ ದಿನ ಇನ್ನೊಂದು ಸಲ ನೋಡುವೆನೆಂದು ವಾಯಿದೆ ಕೊಟ್ಟು ಅವರು ಫೋನಿಟ್ಟರು.

ವೆಬ್‌ಸೈಟ್ ಮಾಡಿಕೊಟ್ಟವಳು ಅತ್ತಿಗೆಯ ಅಣ್ಣನ ಮಗಳು, ಶಾಲೆಯಲ್ಲಿ ಕಂಪ್ಯೂಟರ್ ಟೀಚರು. ಶಾಲೆ ಬಿಟ್ಟವಳೇ ಸೀದಾ ಬಂದು ಪರೀಕ್ಷೆ ಮಾಡಿದಳು. ಕಾರಣ ಸಿಕ್ಕಿತು. ಅದೇ ಸರ್ವರಿನಲ್ಲಿ ಒಂದು ಬಣ್ಣದ ಮೀನಿನ ಅಂಗಡಿಯ ವೆಬ್‌ಸೈಟೂ ಇತ್ತು. ಆ ಅಂಗಡಿಯವನು ಒಂದು ಮೀನಿಗೆ ಕನ್ನಡಿ ತೋರಿಸಿ, ಅದು ತನ್ನ ಬಿಂಬದ ಜತೆಗೇ ರೆಕ್ಕೆ ಕೆದರಿ ಜಗಳಕ್ಕೆ ನಿಲ್ಲುವ ವಿಡಿಯೊ ಹಾಕಿದ್ದ. ಲೋಕವೆಲ್ಲ ಅದನ್ನು ನೋಡಲು ನುಗ್ಗಿತ್ತು.

"ಮಾವ, ನೀವಿರೋದು ಶೇರ್ಡ್ ಹೋಸ್ಟಿಂಗಲ್ಲಿ" ಎಂದಳು ಟೀಚರು. "ಒಂದೇ ಸರ್ವರು, ನೂರಾರು ವೆಬ್‌ಸೈಟು. ವಠಾರ ಅಂತಲೇ ಇಟ್ಕೊಳ್ಳಿ. ಒಬ್ಬರ ಮನೆಗೆ ನೆಂಟರು ಜಾಸ್ತಿ ಬಂದ್ರೆ ಎಲ್ಲರ ನಲ್ಲೀನೂ ನಿಂತೋಗುತ್ತೆ. ನೀವು ವಿಪಿಎಸ್‌ಗೆ ಹೋಗಿ. ಅದು ಫ್ಲ್ಯಾಟ್ ಇದ್ದ ಹಾಗೆ. ಕಟ್ಟಡ ಒಂದೇ ಆದ್ರೂ ನಿಮ್ಮ ಬಾಗಿಲು ನಿಮ್ದು, ನಿಮ್ಮ ನೀರು ನಿಮ್ದು."

ಬುದ್ಧಿವಂತೆ ಹುಡುಗಿ ಮಾಡಿದ ತಪ್ಪು ಇದೊಂದೇ. ಮನೆಯ ಹೋಲಿಕೆಯನ್ನು ಡಾಕ್ಟರಿಗೆ ಕೊಡಬಹುದು, ಬಸ್ ಡ್ರೈವರಿಗೆ ಕೊಡಬಹುದು, ನನಗೂ ಕೊಡಬಹುದು. ಬಾಡಿಗೆ ಮನೆಯ ಬ್ರೋಕರಿಗೆ ಕೊಡಬಾರದು. ಅವನು ಅದನ್ನು ಹೋಲಿಕೆ ಎಂದುಕೊಳ್ಳುವುದಿಲ್ಲ, ಕೆಲಸ ಎಂದುಕೊಳ್ಳುತ್ತಾನೆ.

ಮಾರನೆಯ ಬೆಳಿಗ್ಗೆ ಗೊಂಚಲಣ್ಣ ಮೊದಲು ಮಾಡಿದ್ದು ನೆರೆಯವನ ಮೇಲೆ ದೂರು ಹೇಳಲು ಹೋದದ್ದು. ಸುತ್ತಲಿನ ಅಂಗಡಿಗಳಿಗೆಲ್ಲ ಒಬ್ಬನೇ ಏಜೆಂಟು ಹೋಸ್ಟಿಂಗ್ ಮಾರಿದ್ದನಾದ್ದರಿಂದ ಮೀನಿನ ಅಂಗಡಿ ದೂರವೇನೂ ಇರಲಿಲ್ಲ. ಸಾಕ್ಷಿಗೆಂದು ನನ್ನನ್ನೂ ಎಳೆದುಕೊಂಡು ಹೋದ. ಮಹಡಿಯ ಮೇಲಿನವರು ಒರಳು ಕುಟ್ಟಿದರೆ ಕೆಳಗಿನವರು ಹೇಗೆ ಹೋಗಿ ಜಗಳ ತೆಗೆಯುತ್ತಾರೋ ಹಾಗೆ ತೆಗೆದ. ಮನೆಗೆ ಅಷ್ಟು ಜನರನ್ನು ಸೇರಿಸುವ ಮೊದಲು ಅಕ್ಕಪಕ್ಕದವರಿಗೆ ಒಂದು ಮಾತು ತಿಳಿಸುವುದು ಬೇಡವೇ ಎಂದು ಕೇಳಿದ.

ಮೀನಿನವನು ಸಾಧು. ಕೈಯಲ್ಲಿದ್ದ ಬಲೆಯಿಂದ ನೀರು ತೊಟ್ಟಿಕ್ಕುತ್ತಿರಲು ಬಾಯಿ ತೆರೆದುಕೊಂಡು ನಿಂತ. ತಾನು ಎಲ್ಲೋ ಯಾರದೋ ಪಕ್ಕದಲ್ಲಿ ವಾಸವಾಗಿದ್ದೇನೆ ಎಂಬುದೇ ಅವನಿಗೆ ಹೊಸ ವಿಚಾರ. ಅರ್ಥವಾದ ಮೇಲೆ ತುಂಬ ನೊಂದುಕೊಂಡ. ಸ್ಟೂಲು ಹಾಕಿ ಕೂರಿಸಿದ, ಜಗಳಗಂಟ ಮೀನನ್ನು ತೋರಿಸಿದ. ಆಮೇಲೆ ತನ್ನ ಕಷ್ಟವನ್ನೂ ತೋಡಿಕೊಂಡ. ಗಾಜಿನ ತೊಟ್ಟಿಗಳ ಭಾರಕ್ಕೆ ಹೆದರಿ ಯಾವ ಮಾಲೀಕನೂ ಅವನಿಗೆ ಮನೆ ಕೊಡುತ್ತಿಲ್ಲವಂತೆ, ನೆಲ ಅಂತಸ್ತಿನದು ಯಾವುದಾದರೂ ಇದ್ದರೆ ನೋಡಬೇಕಂತೆ. ಜಗಳಕ್ಕೆ ಹೋದ ಗೊಂಚಲಣ್ಣ ಗಿರಾಕಿಯೊಬ್ಬನನ್ನು ಗಳಿಸಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಎರಡು ಕೆಂಪು ಮೀನು ಹಿಡಿದುಕೊಂಡು ವಾಪಸಾದ. ಅತ್ತಿಗೆ ಅವನ್ನು ಸೋರುವ ನಲ್ಲಿಯ ಕೆಳಗಿನ ಬಕೆಟ್ಟಿನಲ್ಲಿ ಬಿಟ್ಟರು.

ಇನ್ನು ವಿಪಿಎಸ್ ಹುಡುಕಾಟ. ಟೀಚರು ನಾಲ್ಕೈದು ಕಂಪನಿಗಳ ಹೆಸರು ಕೊಟ್ಟು, ಮಧ್ಯಮ ಗಾತ್ರದ್ದು ಸಾಕು ಎಂದಿದ್ದಳು. ರ್‍ಯಾಮ್ ಎಂದರೆ ಮನೆಯ ನಡುವಿನ ಹಾಲ್, ಒಮ್ಮೆಗೆ ಎಷ್ಟು ಜನ ಕೂರಬಹುದು ಎನ್ನುವುದು. ಡಿಸ್ಕ್ ಎಂದರೆ ಸಾಮಾನಿನ ಕೋಣೆ. ಕೋರ್ ಎಂದರೆ ಅಡುಗೆಮನೆಯಲ್ಲಿ ಎಷ್ಟು ಕೈ ಎನ್ನುವುದು. ಬ್ಯಾಕಪ್ ಎಂದರೆ ಎಲ್ಲ ಸಾಮಾನಿನ ಇನ್ನೊಂದು ಪ್ರತಿಯನ್ನು ಅಟ್ಟದ ಮೇಲೆ ಇಡುವುದು. ಹೀಗೆ ಅವಳು ವಿವರಿಸುತ್ತಾ ಹೋದಳು, ಗೊಂಚಲಣ್ಣ ಕಣ್ಣರಳಿಸಿ ಕೇಳುತ್ತಾ ಹೋದ. ಮಗನಿಗೆ ಹುಡುಗಿ ಹುಡುಕುವವರ ಮುಖದಲ್ಲೂ ಅಷ್ಟು ಶ್ರದ್ಧೆಯನ್ನು ನಾನು ಕಂಡಿಲ್ಲ.

ಆಮೇಲೆ ಶುರುವಾಯಿತು ಫೋನು. ಗೋಡೆಯ ಈಚೆ ಕಡೆ ಕಾಜ ಹೊಲಿಯುತ್ತಾ ನಾನು ಎಲ್ಲವನ್ನೂ ಕೇಳಿಸಿಕೊಂಡೆ. ಒಬ್ಬ ಕಂಪನಿಯವನು ಎಲ್ಲವೂ ಅನ್‌ಲಿಮಿಟೆಡ್ ಎಂದನಂತೆ. ಗೊಂಚಲಣ್ಣ ತಕ್ಷಣ ಫೋನಿಟ್ಟ. ಎಷ್ಟು ಬೇಕಾದರೂ ನೀರು ಬಳಸಿ ಎನ್ನುವ ಮಾಲೀಕನ ಮನೆಯಲ್ಲಿ ನೀರೇ ಬರುವುದಿಲ್ಲ ಎಂದು ನನಗೆ ಕೂಗಿ ಹೇಳಿದ. ಇನ್ನೊಬ್ಬ ಮೊದಲ ವರ್ಷ ಅಗ್ಗ, ಆಮೇಲೆ ಬೇರೆ ದರ ಎಂದ. ಅವನೂ ಹೋದ. ಮೂರನೆಯ ಕಡೆ, ಏನು ಕೆಟ್ಟರೂ ನೀವೇ ರಿಪೇರಿ ಮಾಡಿಕೊಳ್ಳಬೇಕು, ಅದಕ್ಕೇ ಕಡಿಮೆ ಬೆಲೆ ಎಂದರು. ನಲ್ಲಿ ರಿಪೇರಿ ಮಾಲೀಕನದೇ ಎಂಬ ಕರಾರಿಲ್ಲದ ಜಾಗಕ್ಕೆ ತಾನು ಕಾಲಿಡುವುದಿಲ್ಲ ಎಂದು ಗೊಂಚಲಣ್ಣ ಗಟ್ಟಿಯಾಗಿ ಹೇಳಿದ. ಅಷ್ಟು ಹೊತ್ತಿಗೆ ಅವನಿಗೆ ಊಟ ತಂದಿದ್ದ ಅತ್ತಿಗೆ ಬಾಗಿಲಲ್ಲೇ ನಿಂತು ಆ ಮಾತು ಕೇಳಿಸಿಕೊಂಡರು. ಡಬ್ಬಿಯನ್ನು ಮೇಜಿನ ಮೇಲೆ ಇಟ್ಟ ಸದ್ದು ನನ್ನ ಹೊಲಿಗೆ ಯಂತ್ರದ ಸದ್ದಿಗಿಂತ ಜೋರಾಗಿತ್ತು.

ಒಂದು ಕಂಪನಿಯ ಚಾಟಿನಲ್ಲಿ ಮಾತ್ರ ಅವನು ಇಡೀ ಮಧ್ಯಾಹ್ನ ಕಳೆದ. ಸೂರ್ಯನ ಬೆಳಕು ಹೇಗೆ, ಅಕ್ಕಪಕ್ಕ ಎಂಥವರು, ಹಿಂದಿನವರು ಯಾಕೆ ಬಿಟ್ಟರು ಎಂದು ಏನು ಕೇಳಿದರೂ, ಒಳ್ಳೆಯ ಪ್ರಶ್ನೆ ಕೇಳಿದಿರಿ, ನಿಮ್ಮ ತಾಳ್ಮೆಗೆ ವಂದನೆ ಎಂದು ಉತ್ತರ ಬರುತ್ತಿತ್ತು. ಇಷ್ಟು ಮರ್ಯಾದಸ್ಥ ಗುಮಾಸ್ತನನ್ನು ತಾನು ಕಂಡೇ ಇಲ್ಲ ಎಂದು ಗೊಂಚಲಣ್ಣ ಹೊಗಳಿದ. ಸಂಜೆ ಟೀಚರು ಬಂದು, ಮಾವ ಅದು ಮನುಷ್ಯನಲ್ಲ, ಯಂತ್ರ ಎಂದಳು. ಗೊಂಚಲಣ್ಣ ಆ ಚಾಟನ್ನು ಮೆಲ್ಲಗೆ ಮುಚ್ಚಿದ. ಅವನು ಅದಕ್ಕೆ ತನ್ನ ಮನೆಯ ಕಷ್ಟಸುಖವನ್ನೂ ಹೇಳಿಕೊಂಡಿದ್ದ.

ಕೊನೆಗೆ ಟೀಚರು ರೋಸಿಹೋಗಿ ತಾನೇ ಒಂದು ಕಂಪನಿಯನ್ನು ಆರಿಸಿದಳು. ರಿಪೇರಿ ಅವರದೇ, ಬ್ಯಾಕಪ್ ದಿನಾ ತೆಗೆಯುತ್ತಾರೆ, ದರ ಒಂದೇ. ಕುಳಿತಲ್ಲೇ ತೆಗೆದುಕೊಳ್ಳಬಹುದು ಎಂದಳು. ನಿಂತು ನೋಡದ ಜಾಗವನ್ನು ಕುಳಿತು ತೆಗೆದುಕೊಳ್ಳುವುದೇ? ಆ ಕಂಪನಿಗೆ ಊರಲ್ಲೇ ಒಂದು ಆಫೀಸಿದೆ ಎಂದು ತಿಳಿದದ್ದೇ ತಡ, ಗೋಡೆ ತಟ್ಟಿದ ಸದ್ದು ಕೇಳಿತು. ನಾನು ಟೇಪು ಹಾಕಿಕೊಂಡು ಹೊರಟೆ. ಪರದೆಯ ಆಸೆ ಅಷ್ಟು ಬೇಗ ಸಾಯುವಂಥದ್ದಲ್ಲ.

ಸೈಕಲ್ ಅಂಗಡಿಯ ಮೇಲೆ ಅವರ ಆಫೀಸು. ಗಾಜಿನ ಬಾಗಿಲು, ಒಳಗೆ ಹಲ್ಲು ಕಟಕಟಿಸುವಷ್ಟು ತಂಪು. ಕೊರಳಿಗೆ ಹೆಡ್‌ಫೋನು ಹಾಕಿಕೊಂಡಿದ್ದ ಮ್ಯಾನೇಜರು ನನ್ನ ಕೊರಳಿನ ಟೇಪನ್ನು ನೋಡಿ ನಾನೂ ಇದೇ ವೃತ್ತಿಯವನೆಂದು ಭಾವಿಸಿ ಕೈಕುಲುಕಿದ. ಜಾಗ ನೋಡಬೇಕಿತ್ತು ಎಂದ ಗೊಂಚಲಣ್ಣ. ಯಂತ್ರಗಳು ಇಲ್ಲಿಲ್ಲ, ಬಹಳ ದೂರ ಇವೆ, ಅಲ್ಲಿಗೆ ಯಾರನ್ನೂ ಬಿಡುವುದಿಲ್ಲ ಎಂದು ವಿವರಿಸಿ ಮ್ಯಾನೇಜರು ಒಂದು ಫೋಟೊ ತೋರಿಸಿದ. ಉದ್ದಕ್ಕೂ ಕಪ್ಪು ಬೀರುಗಳು, ಒಳಗೆ ಹಸಿರು ದೀಪಗಳು. ಒಂದೇ ಒಂದು ಕಿಟಕಿ ಇರಲಿಲ್ಲ. ನಾನು ಟೇಪನ್ನು ಮೆಲ್ಲಗೆ ಜೇಬಿಗೆ ಇಳಿಸಿದೆ.

"ಇದ್ರಲ್ಲಿ ನಮ್ದು ಯಾವ್ದು?"

"ಇಂಥದ್ದೇ ಅಂತ ಹೇಳಕ್ಕಾಗಲ್ಲ ಸರ್. ಇವತ್ತು ಒಂದ್ರಲ್ಲಿ ಇರುತ್ತೆ. ಅದು ಕೆಟ್ರೆ ತಾನಾಗೇ ಇನ್ನೊಂದಕ್ಕೆ ಹೋಗುತ್ತೆ."

ಗೊಂಚಲಣ್ಣ ನನ್ನ ಮುಖ ನೋಡಿದ. ನಡೆದಾಡುವ ಮನೆಯನ್ನು ಅವನು ತನ್ನ ವೃತ್ತಿಯಲ್ಲಿ ಮೊದಲ ಸಲ ಕೇಳುತ್ತಿದ್ದ. ಮ್ಯಾನೇಜರು ಪಾಪ, ನಮ್ಮ ಗೊಂದಲ ತೀರಿಸಲು ಹೋಗಿ, ವಿಪಿಎಸ್ಸಿನ ವಿ ಎಂದರೆ ವರ್ಚುಯಲ್, ಅಂದರೆ ಪ್ರತ್ಯೇಕ ಯಂತ್ರ ನಿಜವಾಗಿ ಇರುವುದಿಲ್ಲ, ಇದ್ದ ಹಾಗೆಯೇ ನಡೆಯುತ್ತದೆ ಎಂದ. ಇಲ್ಲದ ಗೋಡೆಗೆ ಗ್ಯಾರಂಟಿ ಬೇರೆ ಇದೆ ಎಂದ. ವ್ಯವಹಾರ ಮುರಿದುಬೀಳುವುದರಲ್ಲಿತ್ತು. ಗೊಂಚಲಣ್ಣ ಎದ್ದು, ಕೊನೆಯದಾಗಿ, ಅಭ್ಯಾಸಬಲದಿಂದ, ಹಿಂದೆ ಇದ್ದವರು ಯಾಕೆ ಬಿಟ್ಟರು ಎಂದು ಕೇಳಿದ.

"ಅದು ಯಾರಿಗೂ ಗೊತ್ತಾಗಲ್ಲ ಸರ್. ಒಬ್ಬರು ಬಿಟ್ಟ ತಕ್ಷಣ ಪೂರ್ತಿ ಅಳಿಸಿಬಿಡ್ತೀವಿ. ಮುಂದಿನವರಿಗೆ ಒಂದು ಗುರುತೂ ಸಿಗಲ್ಲ."

"ಒಂದು ಮೊಳೆ ತೂತು?"

"ಇಲ್ಲ ಸರ್."

"ಕ್ಯಾಲೆಂಡರ್ ತೂಗಾಕಿದ್ದ ಕಲೆ? ಅಟ್ಟದ ಮೇಲೆ ಮುರಿದ ಕುರ್ಚಿ?"

ಮ್ಯಾನೇಜರು ಸ್ವಲ್ಪ ಯೋಚಿಸಿ, ಏನೂ ಇರುವುದಿಲ್ಲ ಎಂದ. ಗೊಂಚಲಣ್ಣ ಮತ್ತೆ ಕೂತ. ಇಷ್ಟು ವರ್ಷ ತಾನು ಗಿಣಿಗೆ ಹೇಳಿದಂತೆ ಹೇಳಿದ್ದನ್ನು ಯಾರೂ ಕೇಳದೆ ಇದ್ದಾಗ, ಎಲ್ಲೋ ದೂರದ ತಂಪು ಕಟ್ಟಡದಲ್ಲಿ ಜನ ಅದನ್ನು ನಿತ್ಯ ಪಾಲಿಸುತ್ತಿದ್ದಾರೆ. ಅಲ್ಲೇ ದುಡ್ಡು ಕಟ್ಟಿದ.

ಆ ದಿನದಿಂದ ಬೀದಿಯಲ್ಲಿ ಅವನ ನಡಿಗೆಯೇ ಬೇರೆಯಾಯಿತು. ತನ್ನ ವೆಬ್‌ಸೈಟಿಗೆ ಈಗ ಸ್ವಂತ ಬಾಗಿಲಿದೆ ಎಂದು ಕಂಡಕಂಡವರಿಗೆ ಹೇಳಿದ. ಕ್ಷೌರದಂಗಡಿಯವನು, ಸಾಬೂನು ಹಚ್ಚಿದ ಗಿರಾಕಿಯನ್ನು ಹಾಗೇ ಬಿಟ್ಟು ಹೊರಗೆ ಬಂದು, ವಾಹನ ನಿಲ್ಲಿಸಲು ಜಾಗವಿದೆಯೇ ಎಂದು ವಿಚಾರಿಸಿದ. ಔಷಧಿ ಅಂಗಡಿಯ ಯಜಮಾನರು ತಮಗೂ ಅದೇ ಸಾಲಿನಲ್ಲಿ ಒಂದು ಇದ್ದರೆ ನೋಡಲು ಹೇಳಿದರು. ಅವರಿಗೆ ವೆಬ್‌ಸೈಟೇ ಇರಲಿಲ್ಲ. ಇರದಿದ್ದರೇನು, ಮುಂದೆ ಮಕ್ಕಳಿಗಾಗುತ್ತದೆ ಎಂದರು. ಅತ್ತಿಗೆ ಮಾತ್ರ ಮೆಚ್ಚಲಿಲ್ಲ. ಇಲ್ಲದ ಮನೆಗೆ ಬಾಡಿಗೆ ಕಟ್ಟಿ ಬಂದಿದ್ದಾರೆ, ಇರುವ ಮನೆಯ ನಲ್ಲಿಗೆ ಒಂದು ವಾಷರ್ ಹಾಕಿಸಿಲ್ಲ ಎಂದು ನನ್ನೆದುರೇ ಹೇಳಿದರು. ನಾನು ಸೂಜಿಗೆ ದಾರ ಪೋಣಿಸುವುದರಲ್ಲಿ ಮಗ್ನನಾದೆ.

ಹೊಸ ಜಾಗದ ಪಾಸ್‌ವರ್ಡು ಬಂತು. ಅದು ಬೀಗದ ಕೈಯಲ್ಲವೇ? ಗೊಂಚಲಣ್ಣ ಅದನ್ನು ಚೀಟಿಯಲ್ಲಿ ಬರೆದು, ತೂತು ಮಾಡಿ, ಉಳಿದ ಬೀಗದ ಕೈಗಳ ಜತೆ ಬೋರ್ಡಿನ ಮೊಳೆಗೆ ನೇತುಹಾಕಿದ. ಡೂಪ್ಲಿಕೇಟು ನನ್ನ ಹತ್ತಿರ. ಶಾಲೆಯ ಪರೀಕ್ಷೆಗಳಲ್ಲಿ ಮುಳುಗಿದ್ದ ಟೀಚರು ಫೋನಿನಲ್ಲಿ, ತಾನು ಬಂದು ಸಾಮಾನು ಸಾಗಿಸಿ ಕೊಡುವೆ, ಅಲ್ಲಿಯವರೆಗೆ ಹಳೆಯದೂ ಹೊಸದೂ ಎರಡೂ ಇರಲಿ ಎಂದಳು. ಎರಡೂ ಇರಲಿ ಎಂದರೆ ಎರಡು ಕಡೆ ಬಾಡಿಗೆ ಎಂದಾಯಿತಲ್ಲ. ಗೊಂಚಲಣ್ಣ ಹೂಂಗುಟ್ಟಿ ಫೋನಿಟ್ಟ. ಆ ಹೂಂಗೆ ಏನೂ ಅರ್ಥವಿಲ್ಲ ಎಂದು ಅವಳಿಗೆ ತಿಳಿದಿರಬೇಕಿತ್ತು, ಸ್ವಂತ ಅತ್ತೆಯ ಗಂಡ.

ಲಿಫ್ಟು ಬಂತು. ಸಂಜೆ ನಾಲ್ಕಕ್ಕೆ ಇಬ್ಬರೂ ಬ್ರೋಕರುಗಳು ಕಟ್ಟಡಕ್ಕೆ ಬರಬೇಕೆಂದು ಜಡ್ಜಮ್ಮ ಹೇಳಿಕಳಿಸಿದರು. ಅಂದು ಬೆಳಿಗ್ಗೆ ಟೀಚರು ರಜೆ ಹಾಕಿ, ಲ್ಯಾಪ್‌ಟಾಪು ಹಿಡಿದು ಬಂದಳು. ಹೊಸ ಜಾಗದ ಬಾಗಿಲು ತೆಗೆದಳು. ಪರದೆಯ ತುಂಬ ಕಪ್ಪು, ಮೂಲೆಯಲ್ಲೊಂದು ಬಿಳಿ ಗೆರೆ ಮಿಣಮಿಣ ಮಿನುಗುತ್ತಿತ್ತು.

ಗೊಂಚಲಣ್ಣ ಬಗ್ಗಿ ನೋಡಿ, ಗೋಡೆಗೆ ಈ ಬಣ್ಣ ಯಾಕೆ ಬಳಿದರು ಎಂದು ಬೇಸರಪಟ್ಟ. ಆದರೂ ಚೊಕ್ಕಟವಾಗಿದೆ ಎಂದು ಒಪ್ಪಿಕೊಂಡ.

"ಸರಿ ಮಾವ. ಈಗ ಹಳೇ ಜಾಗದಿಂದ ಎಲ್ಲಾ ಇಲ್ಲಿಗೆ ತಂದುಬಿಡೋಣ. ಒಂದು ಗಂಟೆ ಕೆಲಸ."

"ಹಳೇ ಜಾಗ ಇಲ್ಲ ಕಣಮ್ಮ. ಒಪ್ಪಿಸಿಬಿಟ್ಟೆ."

ಟೀಚರ ಬೆರಳು ಕೀಲಿಮಣೆಯ ಮೇಲೆ ಹಾಗೇ ನಿಂತಿತು. ಅವನು ಹೆಮ್ಮೆಯಿಂದ ವಿವರಿಸಿದ. ಹೊಸ ಬೀಗದ ಕೈ ಬಂದ ದಿನವೇ ಹಳೆಯದಕ್ಕೆ ಹೋಗಿ, ಬಾಡಿಗೆಗೆ ಹೋದ ಮನೆಗಳ ಫೋಟೊ ಅಳಿಸಲು ಅವಳೇ ಕಲಿಸಿದ್ದ ವಿಧಾನದಲ್ಲಿ, ಒಂದೊಂದೇ ಕೋಣೆ ಗುಡಿಸುತ್ತಾ ಬಂದ. ಕಂಪನಿಗೆ ಫೋನು ಮಾಡಿ ಖಾತೆ ಮುಚ್ಚಿಸಿದ. ಆ ಕಡೆಯ ಹೆಣ್ಣುಮಗಳು ನಿಜವಾಗಿಯೂ ಬೇಡವೇ ಎಂದು ಮತ್ತೆ ಮತ್ತೆ ಕೇಳಿದಳಂತೆ. ಇಂಥ ಬಾಡಿಗೆದಾರನನ್ನು ಬಿಡಲು ಯಾರಿಗೆ ತಾನೇ ಮನಸ್ಸು ಬಂದೀತು ಎಂದು ಅವನು ಸಂಕೋಚಪಟ್ಟುಕೊಂಡನಂತೆ.

"ಬ್ಯಾಕಪ್?" ಎಂದಳು ಟೀಚರು. ಸ್ವರ ಸಣ್ಣದಾಗಿತ್ತು.

"ಅಟ್ಟ ತಾನೆ? ಅದನ್ನ ಮರೀತೀನಾ. ಅಲ್ಲೂ ಏನೇನೋ ತುಂಬಿತ್ತು. ಅದನ್ನೂ ಅವಳ ಕೈಲೇ ತೆಗೆಸಿದೆ. ಮುಂದೆ ಬರೋರಿಗೆ ನಮ್ಮ ಕಸ ಯಾಕೆ?"

ಫೋಟೊಗಳು ಫೋನಿನಲ್ಲಾದರೂ ಇವೆಯೇ ಎಂದು ಕೇಳಿದರೆ, ವೆಬ್‌ಸೈಟಿಗೆ ಹಾಕಿದ ಮೇಲೆ ಫೋನಿನಲ್ಲಿ ಯಾಕೆ, ಫೋನೇನು ಗೋಡೌನೇ ಎಂದ. ಟೀಚರು ಲ್ಯಾಪ್‌ಟಾಪು ಮುಚ್ಚಿದಳು. ಆಮೇಲೆ ಮೆಲ್ಲಗೆ, ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದಳು. ಮನೆ ಬಿಡುವಾಗ ಸಾಮಾನನ್ನು ಹೊರಗೆ ತಂದು ಗಾಡಿಗೆ ಹೇರಿ ಆಮೇಲೆ ಗುಡಿಸುತ್ತಾರೆ ಮಾವ. ನೀವು ಸಾಮಾನನ್ನೇ ಗುಡಿಸಿದ್ದೀರಿ.

ಗೊಂಚಲಣ್ಣನ ಮುಖ ಇಳಿದದ್ದನ್ನು ನಾನು ನೋಡಬಾರದಿತ್ತು. ತಮಾಷೆಯ ಮನುಷ್ಯನ ಮುಖ ಅಷ್ಟು ಬರಿದಾದರೆ ನೋಡುವವರಿಗೂ ಕಷ್ಟ. ನನಗೆ ನಿಜವಾಗಿ ಸಂಕಟವಾಯಿತು. ಅವನು ಸೊಂಟದ ಗೊಂಚಲನ್ನು ಮುಟ್ಟಿ ನೋಡಿಕೊಂಡ, ಅದಾದರೂ ಇದೆಯೇ ಎಂದು ಪರೀಕ್ಷಿಸುವಂತೆ. ಅತ್ತಿಗೆಗೆ ಹೇಗೆ ಹೇಳುವುದು ಎಂದು ಅವನು ಕೇಳಿದ್ದು ನನ್ನನ್ನೋ ಟೀಚರನ್ನೋ ತಿಳಿಯಲಿಲ್ಲ. ಆದರೆ ಅತ್ತಿಗೆ ಆಗಲೇ ಬಾಗಿಲಲ್ಲಿದ್ದರು, ಊಟದ ಡಬ್ಬಿ ಹಿಡಿದುಕೊಂಡು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಈ ಸಲ ಡಬ್ಬಿಯನ್ನು ಸದ್ದಾಗದಂತೆ ಇಟ್ಟರು.

"ನಾನೂ ಬರ್ತೀನಿ" ಎಂದರು. "ಬೀಗದ ಕೈ ಕೊಡದಿದ್ರೆ ಬೇಡ. ಅಡುಗೆಮನೆ ನೋಡಿಯಾದ್ರೂ ಬರ್ತೀನಿ."

ನಾಲ್ಕು ಗಂಟೆಗೆ ನಾವೆಲ್ಲ ಹೋದೆವು. ಹೊಸ ಸುಣ್ಣದ ವಾಸನೆ, ಲಿಫ್ಟಿನ ಬಾಗಿಲಿಗೆ ಇನ್ನೂ ಪ್ಲಾಸ್ಟಿಕ್ ಹಾಳೆ. ಕೆಳಗಿನ ಹಾಲಿನಲ್ಲಿ ಒಂದೇ ಕುರ್ಚಿ, ಅದರಲ್ಲಿ ಜಡ್ಜಮ್ಮ, ತೊಡೆಯ ಮೇಲೆ ಟ್ಯಾಬು. ಬಿಳಿ ಪ್ಯಾಂಟಿನವನು ಆಗಲೇ ಬಂದಿದ್ದ. ಅತ್ತಿಗೆ ಜಡ್ಜಮ್ಮನಿಗೆ ನಮಸ್ಕಾರ ಹೇಳಿ, ಅಪ್ಪಣೆ ಪಡೆದು, ಮೆಟ್ಟಿಲು ಹತ್ತಿ ಹೋದರು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಒಂದು ನಲ್ಲಿ ಬಿಟ್ಟು ನಿಲ್ಲಿಸಿದ ಸದ್ದು ಬಂತು. ಆಮೇಲೆ ಇನ್ನೊಂದು.

ಬಿಳಿ ಪ್ಯಾಂಟಿನವನ ವೆಬ್‌ಸೈಟಿನಲ್ಲಿ ಸಂಗೀತ ಬರುತ್ತಿತ್ತು, ಅಕ್ಷರಗಳು ಹಾರಾಡು​ತ್ತಿದ್ದವು. ಜಡ್ಜಮ್ಮ ಸಂಗೀತ ನಿಲ್ಲಿಸಿ ಒಂದು ಮನೆಯ ಚಿತ್ರದ ಮೇಲೆ ಬೆರಳಿಟ್ಟರು. ಖಾಲಿ ಇದೆ ಎಂದು ಬರೆದಿತ್ತು. ಅದರಲ್ಲಿ ತಮ್ಮ ತಂಗಿ ಹೋದ ವರ್ಷದಿಂದ ವಾಸವಾಗಿದ್ದಾಳೆ ಎಂದರು. ಅವನು ಅದು ಹೇಗಾಯಿತೋ ಎಂದು ನಕ್ಕ. ಜಡ್ಜಮ್ಮ ನಗಲಿಲ್ಲ. ಗೊಂಚಲಣ್ಣನ ವೆಬ್‌ಸೈಟು ತೆರೆದರು. ಟೀಚರು ಅದರ ವಿಳಾಸವನ್ನು ಹೊಸ ಜಾಗಕ್ಕೆ ತಿರುಗಿಸಿದ್ದಳಾದ್ದರಿಂದ ಅದು ತಕ್ಷಣ ತೆರೆಯಿತು. ಬಿಳೀ ಹಾಳೆ.

"ಏನೂ ಇಲ್ಲವಲ್ಲ."

ಗೊಂಚಲಣ್ಣನಿಗೆ ಸುಳ್ಳು ಹೇಳಲು ಒಂದು ನಿಮಿಷ ಕಾಲಾವಕಾಶವಿತ್ತು. ಟೀಚರು ಕೆಮ್ಮಿ ಸಹಾಯವನ್ನೂ ಮಾಡಿದಳು. ಆದರೆ ಅವನು ಕೈಕಟ್ಟಿ ನಿಂತು ನಡೆದದ್ದನ್ನು ನಡೆದಂತೆ ಒಪ್ಪಿಸಿದ. ವಠಾರ, ಮೀನು, ತಂಪು ಕಟ್ಟಡ, ಗುಡಿಸಿದ್ದು, ಎಲ್ಲ. ಬಿಳಿ ಪ್ಯಾಂಟಿನವನು ಬಾಯಿಗೆ ಕರವಸ್ತ್ರ ಒತ್ತಿಕೊಂಡ. ಜಡ್ಜಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಪಾಟೀಸವಾಲು ಶುರುವಾಯಿತು.

"ಜಾಗ ಬಿಡಿ ಅಂತ ಅವರು ನೋಟೀಸ್ ಕೊಟ್ಟಿದ್ರಾ?"

"ಇಲ್ಲಮ್ಮ."

"ಅವಧಿ ಮುಗಿದಿತ್ತಾ?"

"ಇನ್ನೂ ಇತ್ತು."

"ಯಾರೂ ಕೇಳದೆ ನೀವಾಗೇ ಬಿಟ್ರಿ. ಗುಡಿಸಿ ಬಿಟ್ರಿ."

"ಹೌದಮ್ಮ."

"ಅಟ್ಟ?"

"ಅಟ್ಟ ಸಮೇತ ಖಾಲಿ ಅಮ್ಮ."

ಜಡ್ಜಮ್ಮ ಟ್ಯಾಬನ್ನು ಮಗುಚಿ ಇಟ್ಟರು. ತಮ್ಮ ಹಳೆಯ ಮನೆಯನ್ನು ಬಿಟ್ಟುಹೋದವರು ಬಚ್ಚಲಲ್ಲಿ ಒಂದು ಸೈಕಲ್ಲು, ಗೋಡೆಯಲ್ಲಿ ಲೆಕ್ಕವಿಲ್ಲದ ಮೊಳೆ, ಮತ್ತು ಬಾಗಿಲಿನಿಂದ ಹೊರಗೆ ಬಾರದ ಒಂದು ಬೀರುವನ್ನು ಬಿಟ್ಟು ಹೋಗಿದ್ದಾರೆಂದೂ, ಆ ಬೀರು ಹೇಗೆ ಒಳಗೆ ಹೋಯಿತೆಂಬುದು ಇಂದಿಗೂ ಇತ್ಯರ್ಥವಾಗಿಲ್ಲವೆಂದೂ ಹೇಳಿದರು.

"ನನ್ನ ಇಡೀ ಸರ್ವಿಸಲ್ಲಿ," ಎಂದರು, "ಬಾಡಿಗೆದಾರ ಅವಧಿಗೆ ಮುಂಚೆ, ಯಾರೂ ಕೇಳದೆ, ಅಟ್ಟ ಸಮೇತ ಖಾಲಿ ಮಾಡಿದ ಕೇಸು ಒಂದೂ ಬಂದಿರ್ಲಿಲ್ಲ."

ಕೈಚೀಲದಿಂದ ಬೀಗದ ಕೈಗಳ ದೊಡ್ಡ ಬಳೆಯನ್ನು ತೆಗೆದು ಗೊಂಚಲಣ್ಣನ ಅಂಗೈ ಮೇಲಿಟ್ಟರು. ಇದರಲ್ಲಿ ಬಂದುಹೋಗುವ ಪ್ರತಿಯೊಬ್ಬ ಬಾಡಿಗೆದಾರನೂ ಇವರು ಬಿಟ್ಟ ಹಾಗೇ ಬಿಡಬೇಕು, ಅದೊಂದೇ ಕರಾರು ಎಂದರು. ಗೊಂಚಲಣ್ಣ ಮೊದಲು ಕೇಳಿದ್ದು ನೆಲ ಅಂತಸ್ತು ಎಷ್ಟು ಭಾರ ತಡೆಯುತ್ತದೆ ಎಂದು. ಪರಿಚಯದ ಒಬ್ಬರು ಮೀನು ಸಾಕುತ್ತಾರೆ, ತನ್ನ ಹಳೆಯ ನೆರೆಯವರು ಎಂದ.

ಅಷ್ಟರಲ್ಲಿ ಅತ್ತಿಗೆ ಇಳಿದು ಬಂದರು. ಸೆರಗಿನ ತುದಿ ಒದ್ದೆಯಾಗಿತ್ತು, ಮುಖ ಬೆಳಗುತ್ತಿತ್ತು. ಗಂಡನ ಕೈಯಲ್ಲಿದ್ದುದನ್ನು ನೋಡಿದರು. ಏನು ನಡೆಯಿತು ಎಂದು ಕೇಳಲೂ ಇಲ್ಲ. ಬಳೆಯನ್ನು ಎಳೆದುಕೊಂಡು, ಚೀಟಿಗಳನ್ನು ಒಂದೊಂದಾಗಿ ಸರಿಸಿ, ಎರಡನೆಯ ಮಹಡಿಯ ಎಡಗಡೆಯ ಮನೆಯ ಬೀಗದ ಕೈಯನ್ನು ಬಿಚ್ಚಿ ಮುಷ್ಟಿಯಲ್ಲಿ ಹಿಡಿದರು.

"ಅದು ತುಂಬಾ ಒಳ್ಳೆ ಮನೆ ಕಣೇ" ಎಂದು ಗೊಂಚಲಣ್ಣ ಶುರು ಮಾಡಿದ. "ಅದಕ್ಕೆ ಗಿರಾಕಿ..." ಹೆಂಡತಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ.

ಜಡ್ಜಮ್ಮನಿಗೆ ಸಂತೋಷವಾಯಿತು. ಬ್ರೋಕರು ಕಟ್ಟಡದಲ್ಲೇ ಇದ್ದರೆ ಇನ್ನೂ ಒಳ್ಳೆಯದೆಂದು ಹೇಳಿ, ಈಗಿರುವ ಮನೆಯನ್ನು ಯಾವಾಗ ಖಾಲಿ ಮಾಡುತ್ತೀರಿ ಎಂದು ಕೇಳಿದರು. ಗೊಂಚಲಣ್ಣ ಎದೆಯುಬ್ಬಿಸಿ, ಇವತ್ತೇ ಎನ್ನಲು ಬಾಯಿ ತೆರೆದ.

"ಮೊದಲು ಸಾಮಾನು ತರ್ತೀವಮ್ಮ" ಎಂದರು ಅತ್ತಿಗೆ. "ನಾನು ನಿಂತು ಎಲ್ಲಾ ಎಣಿಸ್ಕೋತೀನಿ. ಆ ಎರಡು ಮೀನು ಸಮೇತ. ಆಮೇಲೆ ಇವರ ಕೈಗೆ ಪೊರಕೆ ಕೊಡ್ತೀನಿ."

ಮತ್ತೆ ನನ್ನ ಕಡೆ ತಿರುಗಿ, ಅಡುಗೆಮನೆಗೆ ಎರಡು ಕಿಟಕಿ ಇವೆ ಮಾಸ್ಟ್ರೇ ಎಂದರು. ನಾನು ಜೇಬಿನಿಂದ ಟೇಪು ತೆಗೆದೆ.